ಮೂರನೆಯ ಸಿಲಿಂಡರಿನ ಸದ್ದು

ಬೋರ್ತ್, ವೇಲ್ಸ್
12 ಸೆಪ್ಟೆಂಬರ್ 1999

ರೋಡಾ,

ಫೋನ್ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀಯ. ಕಳೆದ ಸಲ ಹಾಗೇ ಮಾಡಿದೆ. ಕಾಗದವನ್ನಾದರೆ ಒಲೆಗೆ ಹಾಕುವ ಮುಂಚೆ ಒಂದು ಸಲ ಓದಿಯೇ ಓದುತ್ತೀಯ ಅಂತ ಬರೆಯುತ್ತಿದ್ದೇನೆ.

ವಿಷಯ ವ್ಯಾನಿನದು. ಈ ವರ್ಷ ಮುಗಿಯಿತೆಂದರೆ ಸೀಸ ಬೆರೆಸಿದ ಫೋರ್ ಸ್ಟಾರ್ ಪೆಟ್ರೋಲೂ ಮುಗಿಯಿತು. ಇಲ್ಲಿಯ ಬಂಕಿನವನು ಈಗಲೇ ಒಂದು ಪಂಪಿನ ಮೂತಿಗೆ ಗೋಣಿ ಕಟ್ಟಿದ್ದಾನೆ. ನಾನಿರುವ ಹೊಲದಲ್ಲಿ ನನ್ನ ಹಾಗೇ ಹಳೇ ಜರ್ಮನ್ ವ್ಯಾನುಗಳಲ್ಲಿ ಸಂಸಾರ ಹೂಡಿದವರು ಇನ್ನೂ ಕೆಲವರಿದ್ದಾರೆ. ಸಂಜೆಯಾದರೆ ಎಲ್ಲರಿಗೂ ಇದೇ ಮಾತು. ಪಕ್ಕದ ವ್ಯಾನಿನ ಕಾಲಿನ್, "ನೀರಿಲ್ದೆ ಬರೀ ಗಾಳಿಯಲ್ಲಿ ತಣ್ಣಗಾಗೋ ಎಂಜಿನ್ ಇವು. ಅನ್‌ಲೆಡೆಡ್ ಕುಡಿಸಿದ್ರೆ ಬೇಸಿಗೆ ಕಾಣಲ್ಲ" ಅನ್ನುತ್ತಾನೆ. ಅವನ ಹೆಂಡತಿ, "ಹೋಗ್ರೀ, ನಮ್ಮಪ್ಪ ಅಡುಗೆ ಎಣ್ಣೆ ಹಾಕಿ ಓಡಿಸಿದ್ರು" ಅನ್ನುತ್ತಾಳೆ. ಇವರಿಬ್ಬರ ಮಾತು ಕಟ್ಟಿಕೊಂಡು ನಾನು ಹಾಳಾಗಲಾರೆ.

ಆ ಎಂಜಿನ್ನನ್ನು ಬಿಚ್ಚಿ ಜೋಡಿಸಿದವರು ಅಪ್ಪ ಮತ್ತು ನೀನು. ಅಪ್ಪ ಈಗಿಲ್ಲ. ಹಾಗಾಗಿ ನಿನ್ನನ್ನೇ ಕೇಳಬೇಕಾಗಿ ಬಂತು, ಖುಷಿಯಿಂದಲ್ಲ. ಈ ವ್ಯಾನ್ ಬಿಟ್ಟರೆ ನನಗೆ ಬೇರೆ ಸೂರಿಲ್ಲ ಅನ್ನುವುದು ನಿನಗೂ ಗೊತ್ತು. ಈ ಚಳಿಗಾಲಕ್ಕೆ ಮೊಟ್ಟೆ ತುಂಬುವ ಶೆಡ್ಡಿನಲ್ಲಿ ಕೆಲಸವಿದೆ. ವಸಂತ ಬಂದ ಮೇಲೆ ದಕ್ಷಿಣಕ್ಕೆ, ಟೆನ್ಬಿಯ ಸಮುದ್ರದಂಡೆಯ ಟೀ ಅಂಗಡಿಯಲ್ಲಿ ಕೆಲಸ ಗೊತ್ತುಮಾಡಿಕೊಂಡಿದ್ದೇನೆ. ಅಲ್ಲಿಯ ತನಕ ಇದು ಓಡಬೇಕು. ಸೀಸ ಇಲ್ಲದ ಪೆಟ್ರೋಲ್ ಹಾಕಬಹುದೋ ಬೇಡವೋ, ಅಷ್ಟು ಹೇಳು ಸಾಕು.

ಬೋರ್ತ್ ಅಂಚೆ ಕಚೇರಿಯ ವಿಳಾಸಕ್ಕೆ ಬರಿ. ತೆಗೆದಿಟ್ಟಿರುತ್ತಾರೆ.

ತಿರ್ಜಾ


ಕ್ಯಾಂಬೋರ್ನ್, ಕಾರ್ನ್‌ವಾಲ್
21 ಸೆಪ್ಟೆಂಬರ್ 1999

ತಿರ್ಜಾ,

ಅಪ್ಪನನ್ನು ಮಣ್ಣು ಮಾಡಿದ ವಾರವೇ, ನಾನು ಚಾಪೆಲ್ಲಿನ ಹಿಂದೆ ಬಂದವರ ಟೀ ಕಪ್ಪು ತೊಳೆಯುತ್ತಿದ್ದ ಹೊತ್ತಿನಲ್ಲಿ, ಮೊಳೆಗೆ ತೂಗುಹಾಕಿದ್ದ ಕೀ ತೆಗೆದುಕೊಂಡು ಹೊರಟವಳು ನೀನು. ಒಂದೂವರೆ ವರ್ಷದ ಮೇಲೆ ಅಕ್ಕ ನೆನಪಾದದ್ದು ಪೆಟ್ರೋಲಿಗಾಗಿ. ಇರಲಿ, ಬಂಕಿನಲ್ಲಿ ನಿಂತಾಗಲಾದರೂ ನೆನಪಾದೆನಲ್ಲ.

ಹಾಕಬಹುದು. ಅದು ಬಡ ಎಂಜಿನ್. ಒತ್ತಡ ಕಡಿಮೆ, ಕೀಳು ಪೆಟ್ರೋಲಿನಲ್ಲಿ ಓಡಲೆಂದೇ ಹುಟ್ಟಿದ್ದು. ಟೈಮಿಂಗ್ ಕೂಡ ಮುಟ್ಟಬೇಕಾಗಿಲ್ಲ. ವಾಲ್ವ್‌ಗಳು ಬಡಿದು ಕೂರುವ ಬಳೆಗಳನ್ನು, ನಾವು ಸೀಟ್ ಅನ್ನುತ್ತೇವಲ್ಲ ಅವನ್ನು, ಕಾರ್ಖಾನೆಯವರು ಗಟ್ಟಿ ಉಕ್ಕಿನಲ್ಲೇ ಮಾಡಿ ಕೂರಿಸಿದ್ದಾರೆ. ಅವಕ್ಕೆ ಸೀಸ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕಾಲಿನ್‌ಗೆ ಹೇಳು, ಅವನ ಎಂಜಿನ್ ಸತ್ತರೆ ಅದು ಪೆಟ್ರೋಲಿನಿಂದಲ್ಲ, ಅವನ ಸೋಮಾರಿತನದಿಂದ ಸಾಯುತ್ತದೆ ಅಂತ.

ಆದರೆ ನಿನ್ನ ಕೈಯಲ್ಲಿರುವ ಎಂಜಿನ್ನಿನಲ್ಲಿ ಒಂದು ಸೀಟು ಕಾರ್ಖಾನೆಯದಲ್ಲ. ಮೂರನೆಯ ಸಿಲಿಂಡರಿನಲ್ಲಿ ಹೊಗೆ ಹೊರಹೋಗುವ ಕಡೆಯದು. ಹಿಂದೊಮ್ಮೆ ಅದು ಸಡಿಲಾಗಿ ಕಿತ್ತು ಬಂದಾಗ ಹೊಸದು ತರಿಸುವ ಗತಿ ಇರಲಿಲ್ಲ. ಅಪ್ಪ ಗಣಿಯ ವರ್ಕ್‌ಶಾಪಿನಲ್ಲಿ ಭಾನುವಾರ ಲೇತ್ ಕೇಳಿಕೊಂಡು, ಬೀಡು ಕಬ್ಬಿಣದ ತುಂಡಿನಲ್ಲಿ ಒಂದು ಬಳೆ ಕಡೆದು ಕೂರಿಸಿದ. ಅಪ್ಪ ಮಾಡಿದ್ದು, ನೆನಪಿಟ್ಟುಕೋ. ಅದು ಮೆತ್ತನೆಯ ಕಬ್ಬಿಣ. ಇಷ್ಟು ವರ್ಷ ಪೆಟ್ರೋಲಿನ ಸೀಸ ಅದರ ಮೇಲೆ ತೆಳ್ಳಗೆ ಕೂತು ಏಟು ತಡೆದುಕೊಂಡಿತ್ತು. ಇನ್ನು ಮೇಲೆ ಪ್ರತಿ ಏಟೂ ನೇರ ಬೀಳುತ್ತದೆ. ಬಳೆ ಸವೆದಂತೆ ವಾಲ್ವ್ ಒಳಗೆ ಇಳಿಯುತ್ತದೆ, ವಾಲ್ವನ್ನು ತಟ್ಟಿ ತೆರೆಯುವ ಟ್ಯಾಪೆಟ್ಟಿನ ಸಂದಿ ಕಿರಿದಾಗುತ್ತದೆ. ಸಂದಿ ಪೂರಾ ಮುಚ್ಚಿತೋ, ವಾಲ್ವ್ ಸುಟ್ಟು ತಲೆ ಮುರಿದುಕೊಂಡು ಪಿಸ್ಟನ್ ಮೇಲೆ ಬೀಳುತ್ತದೆ. ಅಲ್ಲಿಗೆ ಮುಗಿಯಿತು.

ಆದ್ದರಿಂದ ಆಗಾಗ ಟ್ಯಾಪೆಟ್ ನೋಡಿ ಸಂದಿ ಬಿಡಿಸಬೇಕು. ಕಿವಿ ಇಟ್ಟಿರು. ಸಂದಿ ಇದ್ದು ಟಕಟಕ ಅನ್ನುತ್ತಿರುವಷ್ಟು ದಿನ ಭಯವಿಲ್ಲ. ಆ ಸದ್ದು ನಿಂತು ಎಂಜಿನ್ ನಯವಾಗಿ ಓಡತೊಡಗಿದರೆ ಹಿಗ್ಗಬೇಡ. ಗಾಡಿ ನಿಲ್ಲಿಸು, ನನಗೆ ಬರಿ, ಬರುತ್ತೇನೆ. ನಿನಗೋಸ್ಕರ ಅಲ್ಲ, ಎಂಜಿನ್ನಿಗೋಸ್ಕರ.

ರೋಡಾ


ಬೋರ್ತ್
24 ಅಕ್ಟೋಬರ್ 1999

ರೋಡಾ,

ನೀನು ಕಾಗದ ಬರೆದರೂ ಗ್ಯಾರೇಜಿನಲ್ಲಿ ನಿಂತು ಗಿರಾಕಿಗೆ ಬೈದ ಹಾಗೇ ಇರುತ್ತದೆ. ಓದಿ ನಗು ಬಂತು, ಆಮೇಲೆ ನಗಬಾರದಿತ್ತು ಅನ್ನಿಸಿತು.

ಕೀ ವಿಷಯ ನೀನೇ ತೆಗೆದದ್ದಕ್ಕೆ ಹೇಳುತ್ತೇನೆ. ಗ್ಯಾರೇಜು ನಿನಗೆ, ಮನೆ ನಿನಗೆ, ಅಪ್ಪನ ಸ್ಪ್ಯಾನರ್‌ಗಳೆಲ್ಲ ನಿನಗೆ. ಉಯಿಲು ಓದಿ ಮುಗಿಸಿದಾಗ ವಕೀಲ ನನ್ನ ಕಡೆ ನೋಡದೆ ಕನ್ನಡಕ ಒರೆಸಿಕೊಂಡ. ವ್ಯಾನಿನ ಹೆಸರು ಮಾತ್ರ ಅದರಲ್ಲಿ ಎಲ್ಲೂ ಇರಲಿಲ್ಲ. ಚಿಕ್ಕಂದಿನಲ್ಲಿ ಅದರ ಹಿಂದಿನ ಸೀಟಿನಲ್ಲಿ, ಎಂಜಿನ್ನಿನ ಮೇಲೇ ಮಲಗಿ ಆ ಟಕಟಕ ಕೇಳದೆ ನನಗೆ ನಿದ್ದೆ ಬರುತ್ತಿರಲಿಲ್ಲ. ಬಿಚ್ಚುವುದು, ಜೋಡಿಸುವುದು ನಿನಗೆ ಬಂತು. ನನಗೆ ಬಂದದ್ದು ಅಷ್ಟೇ. ಅದನ್ನು ತೆಗೆದುಕೊಂಡು ಬಂದೆ.

ಹೋದ ಶನಿವಾರ ಶೆಡ್ಡಿನಿಂದ ಬಂದವಳೇ ಟ್ಯಾಪೆಟ್ ನೋಡಲು ಕೂತೆ. ಮುಚ್ಚಳ ತೆಗೆದೆ, ಎಣ್ಣೆ ತೋಳಿನ ತನಕ ಹರಿಯಿತು. ಸಂದಿ ಅಳೆಯಲು ಏನೂ ಇರಲಿಲ್ಲ, ಸಿಗರೇಟ್ ಪ್ಯಾಕಿನ ರಟ್ಟು ತೂರಿಸಿ ನೋಡಿದೆ. ಕಾಲಿನ್ ನನ್ನ ಅವಸ್ಥೆ ನೋಡಿ, "ಅಷ್ಟೆಲ್ಲ ಯಾಕೆ ಒದ್ದಾಡ್ತೀಯ, ಇದನ್ನ ಟ್ಯಾಂಕಿಗೆ ಹಾಕು" ಅಂತ ತವರದ ಗುಂಡುಗಳ ಒಂದು ಪೊಟ್ಟಣ ಮಾರಿದ. ಅವು ಟ್ಯಾಂಕಿನಲ್ಲಿದ್ದರೆ ಸೀಸದ ಕೆಲಸ ತಾವೇ ಮಾಡುತ್ತವಂತೆ. ಹಾಕಿದ್ದೇನೆ.

ತಿರ್ಜಾ


ಕ್ಯಾಂಬೋರ್ನ್
1 ನವೆಂಬರ್ 1999

ತಿರ್ಜಾ,

ತವರದ ಗಣಿಯ ಊರಲ್ಲಿ ಹುಟ್ಟಿ, ತವರ ಅಗೆದವನ ಮಗಳಾಗಿ, ವೇಲ್ಸಿನ ಹೊಲದಲ್ಲಿ ನಿಂತು ತವರದ ಗುಂಡು ಕೊಂಡೆಯಾ? ಅಪ್ಪ ಇದ್ದಿದ್ದರೆ ಊಟ ಬಿಟ್ಟು ಎದ್ದು ಹೋಗುತ್ತಿದ್ದ. ಆ ಗುಂಡುಗಳಿಂದ ನಷ್ಟವಿಲ್ಲ. ಟ್ಯಾಂಕಿನಲ್ಲಿ ಗಲಗಲ ಅಂದುಕೊಂಡಿರಲಿ, ಮಕ್ಕಳ ಗಿಲಕಿ ಅಂದುಕೋ.

ರಟ್ಟಿನಿಂದ ಅಳೆದದ್ದು ಒಂದು ತಪ್ಪು. ಶೆಡ್ಡಿನಿಂದ ಬಂದ ಕೂಡಲೇ ಅಳೆದದ್ದು ದೊಡ್ಡ ತಪ್ಪು. ಓಡಿ ಬಂದ ಎಂಜಿನ್ನಿನಲ್ಲಿ ಸಂದಿ ಸುಳ್ಳು ಹೇಳುತ್ತದೆ. ರಾತ್ರಿಯೆಲ್ಲ ನಿಂತು ಕಲ್ಲಿನ ಹಾಗೆ ತಣ್ಣಗಾದ ಮೇಲೆ ನೋಡಬೇಕು. ಅಪ್ಪ ಅದಕ್ಕೇ ಭಾನುವಾರ ಬೆಳಿಗ್ಗೆ, ಚಾಪೆಲ್ಲಿಗೆ ಹೊರಡುವ ಮುಂಚೆ ಸೂಟಿನ ತೋಳು ಮಡಚಿಕೊಂಡು ವ್ಯಾನಿನ ಕೆಳಗೆ ನುಗ್ಗುತ್ತಿದ್ದ. ಹಾಡಿನ ಪುಸ್ತಕದಲ್ಲಿ ಇವತ್ತಿಗೂ ಅವನ ಹೆಬ್ಬೆರಳಿನ ಎಣ್ಣೆ ಗುರುತಿದೆ. ಅವನ ಪಕ್ಕ ಮಂಡಿಯೂರಿ ಟಾರ್ಚ್ ಹಿಡಿಯುತ್ತಿದ್ದವಳು ನಾನು. ನೀನು ಹಾಸಿಗೆಯಲ್ಲಿರುತ್ತಿದ್ದೆ. ಟಕಟಕ ಕೇಳಿ ನಿದ್ದೆ ಮಾಡಿದವಳು ನೀನು ಸರಿ. ಅದು ಟಕಟಕ ಅನ್ನುವ ಹಾಗೆ ನೋಡಿಕೊಂಡವರು ಯಾರು?

ಉಯಿಲಿನ ಮಾತು ನನ್ನ ಹತ್ತಿರ ಎತ್ತಬೇಡ. ಅಪ್ಪನ ಕೊನೆಯ ಎರಡು ಚಳಿಗಾಲ ಅವನಿಗೆ ಬಟನ್ ಹಾಕಿದವಳು, ಸ್ಪೂನ್ ಹಿಡಿಸಿದವಳು ನಾನು. ನಿನ್ನದು ಕ್ರಿಸ್‌ಮಸ್‌ಗೆ ಒಂದು ಕಾರ್ಡು.

ಇದರ ಜೊತೆ ಸಂದಿ ಅಳೆಯುವ ಗೇಜ್, ತೆಳು ಉಕ್ಕಿನ ಎಲೆಗಳ ಗೊಂಚಲು, ಇಟ್ಟಿದ್ದೇನೆ. ಅಪ್ಪನದೇ. ಯಾವ ಎಲೆ ಉಪಯೋಗಿಸಬೇಕೋ ಅದಕ್ಕೆ ಕೆಂಪು ದಾರ ಕಟ್ಟಿದೆ. ಎಲೆ ಸಂದಿಯೊಳಗೆ ಸ್ವಲ್ಪ ಹಿಡಿದು ಹಿಡಿದು ಜಾರಬೇಕು, ಗಟ್ಟಿ ಬೆಣ್ಣೆಯಲ್ಲಿ ಚಾಕು ಹೋದ ಹಾಗೆ. ಬರದಿದ್ದರೆ ಬಿಡು, ಕೆಡಿಸಬೇಡ. ಸದ್ದು ನಿಂತ ದಿನ ಬರಿ. ಬರುತ್ತೇನೆ ಅಂತ ಆಗಲೇ ಹೇಳಿದ್ದೇನೆ.

ರೋಡಾ


ಬೋರ್ತ್
30 ಜನವರಿ 2000

ರೋಡಾ,

ಇಲ್ಲಿ ಎಲ್ಲ ಬಂಕಿನಲ್ಲೂ ಫೋರ್ ಸ್ಟಾರ್ ಮುಗಿದು ತಿಂಗಳಾಯಿತು. ಅದರ ಬದಲಿಗೆ ಇನ್ನೇನೋ ಬೆರೆಸಿದ್ದು ಬಂದಿದೆ, ಆದರೆ ನಮ್ಮ ಬಂಕಿನವನು ತರಿಸಿಲ್ಲ. ಅನ್‌ಲೆಡೆಡ್ಡೇ ಹಾಕುತ್ತಿದ್ದೇನೆ.

ನಿನ್ನೆ ಸೊಸೈಟಿ ಅಂಗಡಿಗೆ ಹೋಗಿ ಬರುವಾಗ ಗಮನಿಸಿದೆ. ಎಂಜಿನ್ ಎಷ್ಟು ಮೆತ್ತಗೆ ಓಡುತ್ತಿದೆ ಅಂದರೆ ಕಾಲಿನ್, "ಏನ್ ಮಾಡ್ದೆ ಅದಕ್ಕೆ? ಹೊಲಿಗೆ ಮಷೀನ್ ಥರ ಆಗ್ಬಿಟ್ಟಿದೆ" ಅಂದ. ಟಕಟಕ ಇಲ್ಲವೇ ಇಲ್ಲ. ನಿಲ್ಲಿಸಿದ್ದೇನೆ. ಹೊಲದ ಯಜಮಾನಿ ಮಿಸೆಸ್ ಪ್ರಾಸರ್, ಕುರಿಗಳು ಮರಿ ಹಾಕುವ ಕಾಲ ಬಂತು, ಫೆಬ್ರವರಿ ಮುಗಿಯುವುದರೊಳಗೆ ಹೊಲ ಖಾಲಿ ಮಾಡಿ ಅಂದಿದ್ದಾಳೆ. ಅಲ್ಲಿಯ ತನಕ ನಾನು ಇಲ್ಲೇ ಇರುತ್ತೇನೆ. ಶೆಡ್ಡಿಗೆ ನಡೆದೇ ಹೋಗುತ್ತೇನೆ. ಬೋರ್ತ್ ಸ್ಟೇಷನ್ನಿನಿಂದ ಸಮುದ್ರದ ಕಡೆಗೆ ಬಂದರೆ ಎಡಕ್ಕೆ ಹಸಿರು ಗೇಟು.

ಇನ್ನೊಂದು ವಿಷಯ, ನೀನು ಬೇರೆಯವರಿಂದ ಕೇಳುವ ಬದಲು ನಾನೇ ಹೇಳುತ್ತೇನೆ. ವ್ಯಾನಿನ ಬಾಗಿಲಿಗೆ ಬಣ್ಣ ಹೊಡೆದೆ. "ಆಂಗ್ವಿನ್ ಮತ್ತು ಮಗಳು, ಗ್ಯಾರೇಜ್, ಕ್ಯಾಂಬೋರ್ನ್" ಅನ್ನುವ ಅಕ್ಷರಗಳ ಮೇಲೆ. ಎಲ್ಲಿ ನಿಂತರೂ ಜನ ಬಂದು, "ಆ ಮಗಳು ನೀನೇನಾ?" ಅಂತ ಕೇಳುತ್ತಾರೆ. "ಅಲ್ಲ, ಅವಳು ಊರಲ್ಲಿದಾಳೆ" ಅಂತ ಹೇಳಿ ಹೇಳಿ ಸಾಕಾಯಿತು. ನಾನು ವಾಸ ಮಾಡುವ ಮನೆಯ ಬಾಗಿಲ ಮೇಲೆ ನಾನಲ್ಲದ ಮಗಳ ಹೆಸರು ಎಷ್ಟು ದಿನ ಅಂತ ಇಟ್ಟುಕೊಳ್ಳಲಿ? ಈಗ ಬರೀ ಹಸಿರು.

ತಿರ್ಜಾ


ಬೋರ್ತ್
20 ಫೆಬ್ರವರಿ 2000

ರೋಡಾ,

ಹೋದ ತಿಂಗಳ ಕೊನೆಯಲ್ಲಿ ಬರೆದ ಕಾಗದ ತಲುಪಿರಬೇಕು. ಅಂಚೆ ಕಚೇರಿಯ ಹೆಂಗಸು ನನ್ನನ್ನು ಬಾಗಿಲಲ್ಲಿ ಕಂಡ ಕೂಡಲೇ, "ಇಲ್ಲಮ್ಮ, ಇವತ್ತೂ ಇಲ್ಲ" ಅನ್ನುತ್ತಾಳೆ, ಒಳಗೆ ಬರುವುದಕ್ಕೂ ಬಿಡದೆ. ವ್ಯಾನ್ ನಿಂತಲ್ಲೇ ನಿಂತಿದೆ. ಮೊದಲ ಕುರಿಮರಿ ಮೊನ್ನೆ ಹುಟ್ಟಿತು.

ತಿರ್ಜಾ


ಟೆನ್ಬಿ
19 ಮಾರ್ಚ್ 2000

ರೋಡಾ,

ವ್ಯಾನ್ ಹೋಯಿತು.

ಮಾರ್ಚ್ ಹುಟ್ಟುತ್ತಲೇ ಮಿಸೆಸ್ ಪ್ರಾಸರ್ ಬಂದು, "ನಿನ್ನ ಅಕ್ಕ ಯಾವಾಗ ಬರ್ತಾಳಮ್ಮ? ನನ್ನ ಕುರಿಗೆ ಕಾಯೋಕಾಗಲ್ಲ" ಅಂದಳು. ಅವಳಿಗೂ ಹೇಳಿಟ್ಟಿದ್ದೆ ನೋಡು, ಅಕ್ಕ ಬರುತ್ತಾಳೆ ಅಂತ. ಉಳಿದ ವ್ಯಾನುಗಳೆಲ್ಲ ಹೋಗಿಯಾಗಿತ್ತು. ನಾನೂ ಹೊರಟೆ. ಅಬರೈರನ್ ದಾಟಿದ ಮೇಲಿನ ಏರಿನಲ್ಲಿ ಹಿಂದೆ ಯಾರೋ ಸುತ್ತಿಗೆಯಲ್ಲಿ ಹೊಡೆದ ಹಾಗೆ ಒಂದು ಸದ್ದು, ಆಮೇಲೆ ಇನ್ನಷ್ಟು, ಆಮೇಲೆ ಏನೂ ಇಲ್ಲ. ಎಣ್ಣೆ ರಸ್ತೆಯುದ್ದಕ್ಕೂ ಸೋರಿತ್ತು.

ಎಳೆದುಕೊಂಡು ಹೋದವನು ಇಫೋರ್ ಅನ್ನುವ ಮುದುಕ. ನನ್ನೆದುರೇ ಬಿಚ್ಚಿದ. ಪಿಸ್ಟನ್ ಚೂರುಚೂರು, ಎಂಜಿನ್ನಿನ ಹೊಟ್ಟೆಯಲ್ಲೇ ತೂತು. ಉಳಿದ ಏಳು ಸೀಟೂ ಹೊಸದರ ಹಾಗಿದ್ದವು. ಎಂಟನೆಯದನ್ನು ಕಿತ್ತು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಇದನ್ನ ಯಾರು ಮಾಡಿದ್ದು? ಕೈ ಚೆನ್ನಾಗಿದೆ, ಕಬ್ಬಿಣ ಕೆಟ್ಟದ್ದು" ಅಂದ. ನಮ್ಮಪ್ಪ ಅಂದೆ. "ಸದ್ದು ನಿಂತಿದ್ದು ಗೊತ್ತಾಗ್ಲಿಲ್ವಾ?" ಅಂದ. ಗೊತ್ತಾಗಿತ್ತು ಅಂದೆ. "ಮತ್ತೆ ಯಾರಿಗೂ ಹೇಳ್ಲಿಲ್ವಾ?" ಅಂದ.

ನಿನಗೆ ಹೇಳಿದ್ದೆ. ನೀನು ಹೇಳಿಕೊಟ್ಟ ಮಾತಿನಲ್ಲೇ ಬರೆದೆ. ಓದಿದ ಕೂಡಲೇ ನಿನಗೆ ಗೊತ್ತಾಗಿರಬೇಕು. ಗೊತ್ತಿದ್ದೂ ಸುಮ್ಮನೆ ಕೂತೆ.

ಈಗ ನನ್ನ ಕಡೆಯದನ್ನೂ ಕೇಳು. ಗೇಜ್ ಹಿಡಿಯುವುದನ್ನು ನಾನು ನವೆಂಬರಿನಲ್ಲೇ ಕಲಿತೆ. ಭಾನುವಾರ ಬೆಳಿಗ್ಗೆ ಹಿಮದಲ್ಲಿ ಅಂಗಾತ ಮಲಗಿ, ಕೆಂಪು ದಾರದ ಎಲೆ ಹಿಡಿದು ಹಿಡಿದು ಜಾರುವ ತನಕ ಬಿಡದೆ ಕಲಿತೆ. ಕ್ರಿಸ್‌ಮಸ್‌ಗೂ ಮುಂಚೆ ಒಂದು ಸಲ ಸಂದಿ ಮುಚ್ಚಿತ್ತು, ನಾನೇ ಬಿಡಿಸಿದೆ, ಸದ್ದು ವಾಪಸ್ ಬಂತು. ಜನವರಿಯಲ್ಲಿ ಮತ್ತೆ ನಿಂತಾಗಲೂ ಬಿಡಿಸಬಹುದಿತ್ತು. ಒಂದು ಬೆಳಗಿನ ಕೆಲಸ. ಬಿಡಿಸಲಿಲ್ಲ. ಸದ್ದು ನಿಂತರೆ ಬರುತ್ತೇನೆ ಅಂತ ನೀನು ಎರಡೆರಡು ಸಲ ಬರೆದಿದ್ದೆ. ಬಾ ಅಂತ ನೇರವಾಗಿ ಕರೆಯಲು ನನಗೆ ಬಾಯಿ ಬರಲಿಲ್ಲ, ಕರೆಯುವ ಕೆಲಸವನ್ನು ಆ ನಿಂತ ಸದ್ದಿಗೆ ಬಿಟ್ಟೆ. ಹೊರಡುವ ದಿನ ಬೆಳಿಗ್ಗೆ ಕೂಡ ಗೇಜ್ ಕೈಯಲ್ಲಿ ಹಿಡಿದು ನಿಂತಿದ್ದೆ. ಸಂದಿ ಬಿಡಿಸಿದರೆ ನೀನು ಬರಲಿಲ್ಲ ಅನ್ನುವುದನ್ನು ಒಪ್ಪಿಕೊಂಡ ಹಾಗೆ ಅನ್ನಿಸಿತು. ಹಾಗೇ ಡಬ್ಬಿಯಲ್ಲಿಟ್ಟು ಹೊರಟೆ.

ಗಾಡಿ ಗುಜರಿಗೆ ಹೋಯಿತು. ಟೀ ಅಂಗಡಿಯ ಮೇಲೊಂದು ಕೋಣೆ ಕೊಟ್ಟಿದ್ದಾರೆ. ರಾತ್ರಿ ಏನೂ ಸದ್ದಿಲ್ಲ, ನಿದ್ದೆಯೂ ಇಲ್ಲ.

ಬಳೆ ಇದರ ಜೊತೆಗಿದೆ. ಅಪ್ಪ ತನ್ನ ಕೈಯಾರೆ ಮಾಡಿದ್ದನ್ನು ಇಬ್ಬರೂ ಸೇರಿ ತಿಂದೆವು. ಇಟ್ಟುಕೋ.

ತಿರ್ಜಾ


ಕ್ಯಾಂಬೋರ್ನ್
27 ಮಾರ್ಚ್ 2000

ತಿರ್ಜಾ,

ಬಳೆ ಬಂತು. ಒಂದು ಪಕ್ಕ ಉಗುರಿನಷ್ಟೂ ದಪ್ಪ ಉಳಿದಿಲ್ಲ.

ಇಫೋರ್ ಹೇಳಿದ್ದು ನಿಜ. ಕಬ್ಬಿಣ ಕೆಟ್ಟದ್ದು. ಒಡೆದ ಪಂಪಿನ ತುಂಡು ಅದು, ಬೇರೇನೂ ಸಿಗಲಿಲ್ಲ. ಆದರೆ ಕೈ ಅಪ್ಪನದಲ್ಲ. ಗಣಿಯಲ್ಲಿ ಡ್ರಿಲ್ ಹಿಡಿದು ಹಿಡಿದು ಅವನ ಬೆರಳು ಆಗಲೇ ಬೆಳ್ಳಗಾಗಿ ಜೋಮು ಹಿಡಿದಿದ್ದವು. ಕಾಸಿದ ಟೀ ಲೋಟ ಮುಟ್ಟಿದರೂ ಗೊತ್ತಾಗುತ್ತಿರಲಿಲ್ಲ. ಲೇತ್ ಹತ್ತಿರ ಬಂದು ನಿಂತ, ಆಗಲಿಲ್ಲ, ಗೋಡೆ ಕಡೆ ತಿರುಗಿಕೊಂಡ. ನಾನು ಮಾಡಿದೆ. ನನಗೆ ಹತ್ತೊಂಬತ್ತು. ಮೊದಲನೆಯದು ಕೆಟ್ಟಿತು, ಎರಡನೆಯದೂ ಕೆಟ್ಟಿತು, ಇದು ಕೂತಿತು. ಹೆಡ್ಲಿ ಆಂಗ್ವಿನ್ ಮಾಡಿದ ಅಂತ ಊರೆಲ್ಲ ಹೇಳಿತು, ಅಪ್ಪ ಇಲ್ಲ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಆ ವಾರವೇ ಪೇಂಟರನ್ನು ಕರೆಸಿ ಬಾಗಿಲ ಮೇಲೆ "ಮತ್ತು ಮಗಳು" ಅಂತ ಸೇರಿಸಿದ. ಬಾಯಿ ಬಿಟ್ಟು ಆಡದೆ ಅವನು ಹೇಳಿದ ಮಾತು ಅದೊಂದೇ. ಅದರ ಮೇಲೆ ನೀನು ಹಸಿರು ಹೊಡೆದೆ.

ಅಪ್ಪ ಮಾಡಿದ್ದು ಅಂತ ನಿನಗೆ ಯಾಕೆ ಬರೆದೆ ಅಂತ ಕೇಳಬಹುದು. ನಾನು ಮಾಡಿದ್ದು ಅಂದಿದ್ದರೆ ನೀನು ನೋಡಿಕೊಳ್ಳುತ್ತಿರಲಿಲ್ಲ.

ನಿನ್ನ ಜನವರಿಯ ಕಾಗದದ ಮೊದಲನೆಯ ಹಾಳೆ ಓದಿದ ಕೂಡಲೇ ಎದ್ದೆ. ಸ್ಪ್ಯಾನರ್, ಗ್ಯಾಸ್ಕೆಟ್, ಅಪ್ಪನ ಟಾರ್ಚ್, ದಾರಿಯ ಊಟಕ್ಕೆ ಎರಡು ಪ್ಯಾಸ್ಟಿ, ಎಲ್ಲ ಚೀಲಕ್ಕೆ ತುಂಬಿ ಬಾಗಿಲ ಹತ್ತಿರ ಇಟ್ಟೆ. ಎರಡನೆಯ ಪ್ಯಾಸ್ಟಿ ನಿನಗೆ. ಗ್ಯಾರೇಜಿಗೆ ಬೀಗ ಹಾಕಿದೆ. ಕೋಟು ಹಾಕಿಕೊಳ್ಳುತ್ತಾ ಎರಡನೆಯ ಹಾಳೆ ಓದಿದೆ, ಬಾಗಿಲಿಗೆ ಬಣ್ಣ ಹೊಡೆದದ್ದು.

ಕೋಟು ತೆಗೆದೆ. ಪ್ಯಾಸ್ಟಿ ಎರಡನ್ನೂ ನಾನೇ ತಿಂದೆ. ಚೀಲವನ್ನು ಮಾತ್ರ ಅಲ್ಲಿಂದ ಎತ್ತಿಡಲಿಲ್ಲ. ಫೆಬ್ರವರಿಯಲ್ಲಿ ನೀನು ಮತ್ತೆ ಬರೆದಾಗಲೂ ಅಲ್ಲೇ ಇತ್ತು, ದಾಟಿಕೊಂಡು ಓಡಾಡುತ್ತಿದ್ದೆ. ಈಗಲೂ ಅಲ್ಲೇ ಇದೆ. ಇನ್ನು ಅದನ್ನು ಬಿಚ್ಚಿ ಸಾಮಾನೆಲ್ಲ ಗೋಡೆಗೆ ತೂಗುಹಾಕಬೇಕು, ನಾಳೆ ಹಾಕುತ್ತೇನೆ.

ಗೇಜ್ ವಾಪಸ್ ಕಳಿಸು. ಅದು ಅಪ್ಪನದು.

ರೋಡಾ